ನಾಲ್ಕು ಕ್ರೋಮ್ ವೀಲು, ಒಂದು ಏಟು

ಆ ಚಳಿಗಾಲದಲ್ಲಿ ನಾನು ಅಂಕಲ್ ಕೆನ್ನೆಗೆ ಹೊಡೆದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಹೇಳೋಣ ಎಂದು ಇಟ್ಟುಕೊಂಡರೆ ಅಷ್ಟರೊಳಗೆ ನಾನು ನಿಮ್ಮ ಕಣ್ಣಿಗೆ ಒಳ್ಳೆಯವನಾಗಿ ಕಂಡುಬಿಡಬಹುದು. ಆ ಮರ್ಯಾದೆ ನನಗೆ ಬೇಡ.

ಅಂಕಲ್ ಎಂದರೆ ನೆಂಟರಲ್ಲ. ನಾನು ಮೈಸೂರಿನ ಮುಸ್ಲಿಂ, ಅವರು ಮಂಗಳೂರು ಕಡೆಯ ಕ್ಯಾಥೊಲಿಕ್, ನನಗಿಂತ ಇಪ್ಪತ್ತೆರಡು ವರ್ಷ ದೊಡ್ಡವರು. ಅಮೆರಿಕದ ಅಟ್ಲಾಂಟಾ ಪಕ್ಕದ ಡುಲುತ್‌ನಲ್ಲಿ ಒಂದು ಕೊರಿಯನ್ ದಿನಸಿ ಅಂಗಡಿಯ ಹಿಂದೆ, ಎರಡು ಕಾರು ಹಿಡಿಸುವ ಶೆಡ್ಡಿನಲ್ಲಿ, ಇಬ್ಬರೂ ಸೇರಿ ಕಾರಿನ ವೀಲುಗಳನ್ನು ನೋಡಿಕೊಳ್ಳುತ್ತಿದ್ದೆವು. ಕಾರು ತೊಳೆಯುವವರು ಊರ ತುಂಬ ಇದ್ದಾರೆ. ಕ್ರೋಮ್ ವೀಲನ್ನು ಹಾಳು ಮಾಡದೆ ತೊಳೆಯುವವರು ಕಡಿಮೆ. ಅಂಕಲ್ ಊರಲ್ಲಿದ್ದಾಗ ಲೋಹಕ್ಕೆ ಕ್ರೋಮ್ ಲೇಪಿಸುವ ಕಾರ್ಖಾನೆಯಲ್ಲಿ ದುಡಿದವರು. ಬಲಗೈಯ ಎರಡು ಬೆರಳ ತುದಿಯಲ್ಲಿ ಆಸಿಡ್ ಸುಟ್ಟ ಕಲೆ ಇತ್ತು. ಆ ಬೆರಳುಗಳಿಂದಲೇ ಅವರು ವೀಲನ್ನು ಸವರಿ, ಎಲ್ಲಿ ಲೇಪ ಏಳುತ್ತಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದರು.

ಕ್ರೋಮ್ ಗಟ್ಟಿ ಎಂದು ಜನ ತಿಳಿದಿದ್ದಾರೆ. ಹೊಳೆಯುವುದೆಲ್ಲ ಗಟ್ಟಿ ಎಂಬ ಭ್ರಮೆ ಅದು. ಮೇಲಿನ ಕ್ರೋಮ್ ಪದರ ಕೂದಲೆಳೆಗಿಂತ ಎಷ್ಟೋ ತೆಳು. ಅದರ ಕೆಳಗೆ ನಿಕಲ್, ಅದರ ಕೆಳಗೆ ಅಲ್ಯುಮಿನಿಯಂ. ಮೇಲಿನ ಪದರದಲ್ಲಿ ಕಣ್ಣಿಗೆ ಕಾಣದ ತೂತುಗಳಿರುತ್ತವೆ. ಚಳಿಗಾಲದಲ್ಲಿ ವರ್ಜೀನಿಯಾದಿಂದ ಕೆರೊಲಿನಾ ದಾಟುವವರೆಗೆ, ಹಿಮ ಬೀಳುವ ಸುದ್ದಿ ಬಂದರೆ ಸಾಕು, ಹೈವೇಗೆ ಉಪ್ಪುನೀರು ಸುರಿಯುತ್ತಾರೆ. ಆ ಉಪ್ಪು ತೂತಿನೊಳಗೆ ಇಳಿದು ಕುಳಿತರೆ ಕೆಳಗಿನ ಲೋಹವನ್ನು ಒಳಗಿನಿಂದಲೇ ತಿನ್ನುತ್ತದೆ. ಮೇಲೆ ಬ್ರೇಕಿನ ಪುಡಿ ಬೇರೆ. ಪ್ರತಿ ಸಲ ಬ್ರೇಕ್ ಒತ್ತಿದಾಗ ಕಾದ ಕಬ್ಬಿಣದ ಕಣಗಳು ಹಾರಿ ವೀಲಿಗೆ ಚುಚ್ಚಿಕೊಳ್ಳುತ್ತವೆ. ಅವುಗಳನ್ನು ಕರಗಿಸುವ ದ್ರಾವಣ ಸಿಂಪಡಿಸಿದರೆ ವೀಲಿನಿಂದ ನೇರಳೆ ಕೆಂಪು ನೀರು ಸೋರುತ್ತದೆ. ಮೊದಲ ಸಲ ನೋಡಿದಾಗ ನನಗೆ ಕುರ್ಬಾನಿಯ ದಿನದ ಅಂಗಳ ನೆನಪಾಗಿತ್ತು.

ಅಂಕಲ್ ಕ್ರಮ ಬದಲಾಗುತ್ತಿರಲಿಲ್ಲ. ವೀಲು ಪೂರ್ತಿ ತಣ್ಣಗಾಗಬೇಕು. ಮೊದಲು ಬರೀ ನೀರು, ವೀಲಿನ ಹಿಂಬದಿಗೂ. ಆಮೇಲೆ ಹುಳಿಯೂ ಕ್ಷಾರವೂ ಇಲ್ಲದ ಸೌಮ್ಯ ಸೋಪು, ಮೆತ್ತನೆಯ ಬ್ರಷ್ಷು, ವೀಲಿಗೇ ಬೇರೆ ಬಕೆಟ್ಟು. ಕಬ್ಬಿಣ ಕರಗಿಸುವ ದ್ರಾವಣವನ್ನು ಗಡಿಯಾರ ನೋಡಿಕೊಂಡು ಹಾಕಿ, ಒಣಗುವ ಮೊದಲೇ ತೊಳೆಯಬೇಕು. ಗಾಳಿ ಊದಿ ನಟ್ಟಿನ ತೂತುಗಳನ್ನೂ ಒಣಗಿಸಬೇಕು. ಕೊನೆಗೆ ಮೇಣದ ಲೇಪ, ಎರಡು ಸಲ. ಆಸಿಡ್ ಕ್ಲೀನರ್ ಎಂದರೆ ಅವರಿಗೆ ಆಗುತ್ತಿರಲಿಲ್ಲ. ಹಿಂದಿನವರು ಬಿಟ್ಟುಹೋದ ಒಂದು ಬಾಟಲಿ ನಮ್ಮ ಶೆಡ್ಡಿನ ಮೇಲಿನ ಕಪಾಟಿನಲ್ಲಿ ಹಾಗೇ ಕುಳಿತಿತ್ತು, ಅಷ್ಟೆ.

ಹತ್ತಿರದ ಅಲ್ಫರೆಟಾದ ಒಬ್ಬ ಕಂಪನಿ ಮ್ಯಾನೇಜರ್ ನಮ್ಮ ಖಾಯಂ ಗಿರಾಕಿ. ಉಡುಪಿ ಕಡೆಯ ಮನೆತನ, ಬೆಳೆದದ್ದು ಬೆಂಗಳೂರಲ್ಲಿ. ಅವರ ಬಳಿ ಹಳೆಯ ಅಮೆರಿಕನ್ ಸೆಡಾನ್ ಒಂದಿತ್ತು, ನಾಲ್ಕೂ ಕ್ರೋಮ್ ವೀಲು. ಆ ಮಾದರಿಯ ವೀಲು ಈಗ ಯಾರೂ ಮಾಡುವುದಿಲ್ಲ. ಕೆಲಸದ ಮೇಲೆ ತಿಂಗಳಿಗೊಮ್ಮೆ ವರ್ಜೀನಿಯಾಕ್ಕೆ ಅದೇ ಕಾರಲ್ಲಿ ಹೋಗಿ ಬರುತ್ತಿದ್ದರು. ಹೋಗಿ ಬಂದ ಎರಡು ದಿನದೊಳಗೆ ವೀಲಿಗೆ ನೀರು ಬಿಡಿ ಎಂದು ಅಂಕಲ್ ಹೇಳಿಟ್ಟಿದ್ದರು. ಉಳಿದದ್ದಕ್ಕೆ ನಾವು ಎರಡು ವಾರಕ್ಕೊಮ್ಮೆ ಅವರ ಮನೆಗೇ ಹೋಗುತ್ತಿದ್ದೆವು.

ಕೋವಿಡ್ ಅಡಗಿದ ಮೇಲಿನ ಜನವರಿ ಅದು. ಸಂಕ್ರಾಂತಿಗೆ ಮುಂಚಿನ ಶನಿವಾರ ನನಗೆ ಬೇರೆ ಕೆಲಸವಿದ್ದು ಅಂಕಲ್ ಒಬ್ಬರೇ ಅಲ್ಲಿಗೆ ಹೋದರು. ಎರಡು ವಾರ ಕಳೆದು, ಶನಿವಾರ ಬೆಳಿಗ್ಗೆ, ನಾವು ವ್ಯಾನ್ ಹತ್ತುವ ಮೊದಲೇ ಮ್ಯಾನೇಜರ್ ಫೋನ್ ಬಂತು.

"ಇಬ್ರೂ ಬನ್ನಿ. ಈಗ್ಲೇ ಬನ್ನಿ. ಏನ್ ಮಾಡಿದೀರ ಅಂತ ನಿಮ್ ಕಣ್ಣಲ್ಲೇ ನೋಡಿ."

ಗ್ಯಾರೇಜಿನ ಬಾಗಿಲು ತೆರೆದೇ ಇತ್ತು. ನಾಲ್ಕೂ ವೀಲುಗಳನ್ನು ಬಗ್ಗಿ ನೋಡಿದೆ. ಕ್ರೋಮ್ ಹಾಲು ಚೆಲ್ಲಿದಂತೆ ಮಂಕಾಗಿತ್ತು. ಅಂಚಿನ ಉದ್ದಕ್ಕೂ ಹಪ್ಪಳದಂತೆ ಗುಳ್ಳೆ. ಒಂದು ಗುಳ್ಳೆಗೆ ಉಗುರು ತಾಗಿಸಿದೆ, ಪದರ ಸುಲಿದು ಬಂತು. ಒಳಗೆ ಬಿಳಿ ಪುಡಿ. ಉಪ್ಪೊಂದೇ ಇಷ್ಟು ಬೇಗ ಇಷ್ಟು ಕೆಲಸ ಮಾಡುವುದಿಲ್ಲ. ಇದು ಹುಳಿಯ ಕೆಲಸ, ಅಂದರೆ ಆಸಿಡ್.

ಮ್ಯಾನೇಜರ್ ನಮ್ಮ ಬಕೆಟ್ಟನ್ನು ಒದ್ದರು. ಅದು ಗೋಡೆಗೆ ಬಡಿದು ಒಡೆಯಿತು. ಆಮೇಲೆ ನಟ್ಟು ಬಿಚ್ಚುವ ಕಬ್ಬಿಣದ ಪಾನಾ ಎತ್ತಿಕೊಂಡು ಕಪಾಟಿಗೆ ಬೀಸಿದರು. ಪೇಂಟ್ ಡಬ್ಬಗಳೆಲ್ಲ ಕೆಳಗೆ ಬಿದ್ದವು.

"ಲಾಸ್ಟ್ ಟೈಮ್ ಈ ಮುದುಕ ಒಬ್ನೇ ಬಂದಿದ್ದ. ಆಸಿಡ್ ಹಾಕಿ ಬೇಗ ಬೇಗ ಮುಗ್ಸಿ ಹೋಗಿದಾನೆ. ಕೈ ನೋಡಿ, ಆಸಿಡ್ ಕೈ ಅದು. ಇವತ್ತೇ ಎಲ್ಲಾ ಗ್ರೂಪಲ್ಲೂ ಫೋಟೋ ಹಾಕ್ತೀನಿ. ಅಟ್ಲಾಂಟಾದಲ್ಲಿ ಒಬ್ಬ ಕನ್ನಡದವ್ನೂ ಇವ್ನನ್ನ ಕಾರ್ ಮುಟ್ಟೋಕ್ ಬಿಡ್ಬಾರ್ದು, ಹಂಗ್ ಮಾಡ್ತೀನಿ."

ಅದೊಂದು ಬೆದರಿಕೆ ಸಾಕಿತ್ತು. ನಮ್ಮ ಗಿರಾಕಿಗಳೆಲ್ಲ ಆ ವಾಟ್ಸಾಪ್ ಗುಂಪುಗಳ ಮೂಲಕವೇ ಬಂದವರು. ಅಂಕಲ್ ಕೈ ಕೆಟ್ಟದ್ದು ಎಂದು ಒಮ್ಮೆ ಹೆಸರು ಬಿದ್ದರೆ, ಆ ವಯಸ್ಸಿನಲ್ಲಿ ಅವರಿಗೆ ಬೇರೆ ಹೆಸರಿಲ್ಲ, ಬೇರೆ ಕೆಲಸವೂ ಇಲ್ಲ.

ನಾನು ಅಂಕಲ್ ಕಡೆ ತಿರುಗಿದೆ. ಅವರು ಎಡಗಡೆಯ ಮುಂದಿನ ವೀಲಿನ ಹತ್ತಿರ ಕುಕ್ಕರಗಾಲಲ್ಲಿ ಕುಳಿತು ನಟ್ಟಿನ ತೂತಿಗೆ ಬೆರಳು ಹಾಕಿ ನೋಡುತ್ತಿದ್ದರು. ನಿಧಾನಕ್ಕೆ ಎದ್ದರು. ನನ್ನ ಮುಖ ನೋಡಲಿಲ್ಲ. ನನ್ನ ಭುಜದ ಮೇಲಿಂದ, ನನ್ನ ಹಿಂದಿದ್ದ, ಮನೆಯೊಳಕ್ಕೆ ಹೋಗುವ ಬಾಗಿಲ ಕಡೆ ನೋಡಿದರು.

"ಅಂಕಲ್, ಆಸಿಡ್ ಹಾಕಿದ್ರಾ?"

ಅವರು ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡರು.

"ಹೇಳಿ ಅಂಕಲ್. ಹಾಕ್ಲಿಲ್ಲ ಅಂತ ಒಂದ್ ಮಾತು ಹೇಳಿ. ನಾನ್ ನೋಡ್ಕೋತೀನಿ."

ಅವರು ಬಾಯಿ ತೆರೆದರು, ಮತ್ತೆ ಆ ಬಾಗಿಲ ಕಡೆ ನೋಡಿ ಮುಚ್ಚಿಕೊಂಡರು. ನನ್ನ ಮೈಯೆಲ್ಲ ಉರಿದುಹೋಯಿತು. ಮೋಸ ಮಾಡಿ ಈಗ ಕಲ್ಲಿನ ಹಾಗೆ ನಿಂತಿದ್ದಾರಲ್ಲ ಎನ್ನಿಸಿತು. ಕೈ ಎತ್ತಿದ್ದು ನನಗೆ ನೆನಪಿದೆ. ಯೋಚಿಸದೆ ಆಗಿಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಗಿರಾಕಿ ನೋಡುತ್ತಿದ್ದಾನೆ, ನಾನು ಅಂಕಲ್ ಪಕ್ಷ ಅಲ್ಲ ಎಂದು ಅವನಿಗೆ ಕಾಣಲಿ ಎಂಬ ಲೆಕ್ಕಾಚಾರವೂ ಅದರಲ್ಲಿತ್ತು. ಅಂಗೈ ಬಿಚ್ಚಿ ಬಲವಾಗಿ ಹೊಡೆದೆ. ಏಟು ಅವರ ಎಡಗಿವಿಯ ಮೇಲೆ ಬಿತ್ತು. ಅವರು ಕಾರಿನ ಬಾನೆಟ್ಟಿಗೆ ವಾಲಿ, ಕೆಳಗೆ ಕುಸಿದು, ಕಿವಿ ಹಿಡಿದುಕೊಂಡರು. ಮ್ಯಾನೇಜರ್ ಕೂಡ ಒಂದು ಹೆಜ್ಜೆ ಹಿಂದೆ ಸರಿದರು.

ಅಂಕಲ್ ಎದ್ದು ಮೊಣಕಾಲಿನ ಧೂಳು ಕೊಡವಿಕೊಂಡು ಗ್ಯಾರೇಜಿನಿಂದ ನಡೆದುಹೋದರು. ಅವರು ಬಂದದ್ದು ನನ್ನ ವ್ಯಾನಿನಲ್ಲಿ. ಆ ಬಡಾವಣೆಯಿಂದ ಬಸ್ಸಿಲ್ಲ, ಮುಖ್ಯರಸ್ತೆಯವರೆಗೆ ಫುಟ್‌ಪಾತೂ ಇಲ್ಲ. ಟೋಪಿ ವ್ಯಾನಿನಲ್ಲೇ ಉಳಿದಿತ್ತು. ನಾನು ಹಿಂದೆ ಹೋಗಲಿಲ್ಲ.

ಕಾರನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ನಾಲ್ಕೂ ವೀಲುಗಳನ್ನು ಬಿಚ್ಚಿ ಶೆಡ್ಡಿಗೆ ತಂದೆ. ಒಂದು ವಾರ ಕೊಡಿ, ಆದಷ್ಟು ಸರಿಮಾಡುತ್ತೇನೆ ಎಂದು ಹೇಳಿ ಬಂದಿದ್ದೆ. ಅಲ್ಲಿಯವರೆಗೆ ಫೋಟೋ ಹಾಕುವುದಿಲ್ಲ ಎಂದು ಮ್ಯಾನೇಜರ್ ಒಪ್ಪಿದ್ದರು. ಶೆಡ್ಡಿಗೆ ಬಂದವನೇ ಸ್ಟೂಲನ್ನು ಗೋಡೆಗೆ ಎಸೆದು ಅದರ ಕಾಲು ಮುರಿದೆ. ಆಸಿಡ್ ಬಾಟಲಿಯನ್ನು ಒಡೆದು ಹಾಕಬೇಕು ಎಂದು ಮೇಲಿನ ಕಪಾಟಿಗೆ ಕೈ ಹಾಕಿದೆ.

ಬಾಟಲಿಯ ಮೇಲೆ ಬೆರಳ ಗುರುತು ಮೂಡುವಷ್ಟು ಧೂಳಿತ್ತು. ಮುಚ್ಚಳದ ಸೀಲು ಹರಿದಿರಲಿಲ್ಲ.

ಅದನ್ನು ಹಿಡಿದುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ. ಆಮೇಲೆ ಅಂಕಲ್ ಬೆರಳು ಹಾಕಿದ್ದ ವೀಲನ್ನೇ ಬೆಂಚಿನ ಮೇಲೆ ಮಲಗಿಸಿ ದೀಪ ಹತ್ತಿರ ತಂದೆ. ಹೊಳಪಿನ ಮೇಲೆ ಸುತ್ತು ಸುತ್ತಾಗಿ ಸಣ್ಣ ಗೀರುಗಳಿದ್ದವು, ಪಾತ್ರೆ ಉಜ್ಜುವ ಸ್ಟೀಲ್ ಜುಂಗಿನದ್ದು. ಅಂಕಲ್ ಅದನ್ನು ಶೆಡ್ಡಿನೊಳಗೇ ಬಿಟ್ಟುಕೊಳ್ಳುವವರಲ್ಲ. ನಟ್ಟಿನ ತೂತಿನೊಳಗೆ ಕಪ್ಪಗೆ ಏನೋ ಅಂಟಿತ್ತು. ಚಿಮಟದಲ್ಲಿ ಎಳೆದೆ. ನಾರು. ಬಿಸಿನೀರಿಗೆ ಹಾಕಿದೆ. ಬ್ರೇಕಿನ ಪುಡಿ ಬಿಟ್ಟು ಅದು ಕಂದು ಬಣ್ಣಕ್ಕೆ ತಿರುಗಿತು. ಮೂಗಿನ ಹತ್ತಿರ ಹಿಡಿದೆ.

ಹುಣಸೆಹಣ್ಣು.

ಈದ್‌ಗೆ ಮುಂಚೆ ನನ್ನ ಅಮ್ಮ ತಾಮ್ರದ ಹಂಡೆಯನ್ನು ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜುತ್ತಿದ್ದರು. ಹಬ್ಬ ಯಾರದೇ ಇರಲಿ, ನಮ್ಮ ಕಡೆಯ ಯಾವ ಹೆಂಗಸಿಗೂ ಇದನ್ನು ಯಾರೂ ಕಲಿಸಬೇಕಿಲ್ಲ. ಹಿತ್ತಾಳೆ ತಾಮ್ರಕ್ಕೆ ಅದು ಜೀವ ಕೊಡುತ್ತದೆ. ಕ್ರೋಮ್‌ಗೆ ಅದೇ ವಿಷ. ಜುಂಗು ಮೇಣದ ಲೇಪವನ್ನು ಕೆರೆದು ತೆಗೆದಿದೆ, ಹುಳಿ ಮತ್ತು ಉಪ್ಪು ತೂತಿನೊಳಕ್ಕೆ ಇಳಿದಿವೆ. ಅಲ್ಲಿ ಮೊದಲೇ ಹೈವೇ ಉಪ್ಪು ಕಾದು ಕುಳಿತಿತ್ತು.

ಮ್ಯಾನೇಜರ್ ಮನೆಗೆ ಅವರ ತಾಯಿ ಊರಿನಿಂದ ಬಂದಿದ್ದರು. ಒಂದೆರಡು ಸಲ ನೋಡಿದ್ದೆ. ತಿಕ್ಕಿದ್ದು ಅವರೇ ಎನ್ನುವುದು ಬಿಟ್ಟು ನನಗೆ ಬೇರೇನೂ ಹೊಳೆಯಲಿಲ್ಲ. ನೇರ ಅಂಕಲ್ ಮನೆಗೆ ಓಡಿದೆ.

ಬಾಗಿಲು ತೆಗೆದದ್ದು ಆಂಟಿ, ಅಂಕಲ್ ಹೆಂಡತಿ. ಒಳಗೆ ಕರೆಯಲಿಲ್ಲ.

"ಕಿವಿಯಿಂದ ರಕ್ತ ಬಂತು. ಅರ್ಜೆಂಟ್ ಕೇರ್ ಕ್ಲಿನಿಕ್ಕಿಗೆ ಕರ್ಕೊಂಡು ಹೋಗಿ ಈಗ ಬಂದದ್ದು. ಪರದೆ ಹರಿದಿದೆಯಂತೆ. ಕಾಲು ಜಾರಿ ಬಿದ್ದೆ ಅಂತ ಹೇಳ್ತಾರೆ. ಬಿದ್ರೆ ಕಿವಿಗೆ ಐದು ಬೆರಳು ಮೂಡ್ತದಾ?"

ಅವರು ನನ್ನನ್ನು ನೋಡಿದ ನೋಟಕ್ಕಿಂತ ಬೈಗುಳ ವಾಸಿಯಿತ್ತು. ಒಳಗಿನಿಂದ ಅಂಕಲ್, "ಬರ್ಲಿ ಬಿಡು" ಎಂದರು.

ಅವರು ಕಿವಿಗೆ ಹತ್ತಿ ಇಟ್ಟುಕೊಂಡು ಸೋಫಾದಲ್ಲಿ ಕುಳಿತಿದ್ದರು. ನಾನು ಕಾಗದದಲ್ಲಿ ಸುತ್ತಿ ತಂದಿದ್ದ ನಾರನ್ನು ಮುಂದಿಟ್ಟೆ.

"ಗೊತ್ತುಂಟು ಮಾರಾಯ," ಎಂದರು. "ತೂತಿಗೆ ಬೆರಳು ಹಾಕಿದ ಕೂಡಲೇ ಗೊತ್ತಾಯ್ತು."

"ಮತ್ಯಾಕ್ ಹೇಳ್ಲಿಲ್ಲ? ಒಂದ್ ಮಾತು ಸಾಕಾಗಿತ್ತಲ್ಲ."

"ನಿನ್ನ ಹಿಂದೆ ಆ ಅಮ್ಮ ನಿಂತಿದ್ರು, ಬಾಗಿಲಲ್ಲಿ. ನನಗೆ ಕೈ ಮುಗೀತಾ ಇದ್ರು. ಹೇಳ್ಬೇಡಿ ಅಂತ." ಅವರು ನೋವಿಗೆ ಒಂದು ಕ್ಷಣ ಕಣ್ಣು ಮುಚ್ಚಿದರು. "ಅವತ್ತು ನಾನೊಬ್ಬನೇ ಹೋದಾಗ ಚಾ ತಂದು ಕೊಟ್ಟಿದ್ರು. ಮಣಿಕಟ್ಟು ನೀಲಿ ಆಗಿತ್ತು. ಎಂತ ಆಯ್ತು ಕೇಳಿದೆ. ಮಗನಿಗೆ ಕೋಪ ಜಾಸ್ತಿ, ಆದ್ರೆ ಮನಸ್ಸು ಒಳ್ಳೇದು ಅಂತ ಹೇಳಿದ್ರು. ಅವನ ಕೈಯಲ್ಲಿ ಪಾನಾ ಇತ್ತು. ಹುಣಸೆಹುಳಿ ಅಂತ ನಾನು ಹೇಳಿದ್ರೆ ಅವ ಯಾರ ಕಡೆ ತಿರುಗ್ತಿದ್ದ? ನನಗೆ ಅವ ಬೈದ್ರೆ ಬೈಲಿ. ಹೊಡೆದ್ರೂ ತಡ್ಕೊಳ್ತೇನೆ ಅಂತ ಲೆಕ್ಕ ಹಾಕಿದ್ದೆ."

ಕಿವಿಯ ಹತ್ತಿಯನ್ನು ಒತ್ತಿಕೊಂಡು ಹೇಳಿದರು, "ನೀನು ಹೊಡೀತೀಯ ಅಂತ ಲೆಕ್ಕ ಹಾಕಿರ್ಲಿಲ್ಲ."

ನಾನು ಅತ್ತೆ. ಅದರಿಂದ ಯಾರಿಗೂ ಉಪಕಾರವಾಗಲಿಲ್ಲ. ಹೊರಡುವಾಗ ಅಂಕಲ್ ಒಂದೇ ಮಾತು ಹೇಳಿದರು, "ಆ ಅಮ್ಮನ ಹೆಸರು ನಿನ್ನ ಬಾಯಿಂದ ಬರ್ಬಾರ್ದು."

ಆ ವಾರ ವೀಲುಗಳ ಜೊತೆ ಕಳೆದೆ. ಅಡುಗೆ ಸೋಡಾ ಕಲಸಿದ ನೀರಲ್ಲಿ ಹುಳಿಯನ್ನು ಕೊಂದು, ಶುದ್ಧ ನೀರಲ್ಲಿ ಮೂರು ಸಲ ತೊಳೆದು, ಪ್ರತಿ ತೂತಿಗೂ ಗಾಳಿ ಊದಿದೆ. ಎದ್ದ ಪದರವನ್ನು ಪ್ಲಾಸ್ಟಿಕ್ ಬಿಲ್ಲೆಯಿಂದ ಬಿಡಿಸಿದೆ. ಬಿದ್ದ ಗುಳಿಗಳನ್ನು ಯಾವ ಪಾಲಿಷೂ ತುಂಬಲಾರದು. ಪೂರ್ತಿ ಸುಲಿದು ಹೊಸದಾಗಿ ಲೇಪಿಸಬೇಕು, ಅದು ನಮ್ಮ ಶೆಡ್ಡಿನ ಕೆಲಸವಲ್ಲ. ಇನ್ನಷ್ಟು ಹಾಳಾಗದಂತೆ ಮೇಣ ಹಚ್ಚಿ ನಿಲ್ಲಿಸಿದೆ, ಅಷ್ಟೆ. ತಿಕ್ಕುತ್ತ ತಿಕ್ಕುತ್ತ ಒಂದು ತೀರ್ಮಾನಕ್ಕೆ ಬಂದೆ. ಅಂಕಲ್ ಹೆಸರು ಉಳಿಯಬೇಕು. ಆ ತಾಯಿಯ ಹೆಸರು ಬರಬಾರದು. ಹಾಗಾದರೆ ಉಳಿಯುವ ಹೆಸರು ಒಂದೇ, ನನ್ನದು.

ಶನಿವಾರ ಹೋಗಿ ನಾಲ್ಕೂ ವೀಲುಗಳನ್ನು ಮರಳಿ ಹಾಕಿ, ನಟ್ಟುಗಳನ್ನು ಬಿಗಿದು, ಕಾರು ಇಳಿಸಿದೆ. ಮ್ಯಾನೇಜರ್ ಕೈಕಟ್ಟಿ ನಿಂತಿದ್ದರು. ಒಳಬಾಗಿಲಲ್ಲಿ ಅವರ ತಾಯಿ, ಪಕ್ಕದಲ್ಲಿ ಹೈಸ್ಕೂಲಿಗೆ ಹೋಗುವ ಮೊಮ್ಮಗಳು.

"ಸರ್, ಅಂಕಲ್‌ದು ತಪ್ಪಿಲ್ಲ. ಆಸಿಡ್ ನಾನು ಹಾಕಿದ್ದು. ಅವರ ಸೋಪ್ ಬಾಟಲಿಗೆ ನಾನೇ ಬೆರೆಸಿಟ್ಟಿದ್ದೆ, ಅವ್ರಿಗ್ ಗೊತ್ತಿರ್ಲಿಲ್ಲ. ಗ್ರೂಪಲ್ಲಿ ಹಾಕೋದಾದ್ರೆ ನನ್ ಹೆಸ್ರು ಹಾಕಿ."

ಮೊದಲ ಗುದ್ದು ಬಾಯಿಗೆ ಬಿತ್ತು. ತುಟಿ ಹಲ್ಲಿಗೆ ಸಿಕ್ಕಿ ಸೀಳಿತು. ನಾನು ಕೈ ಎತ್ತಲಿಲ್ಲ. ಎರಡನೆಯದು ಪಕ್ಕೆಗೆ. ಬಿದ್ದೆ. ಬಿದ್ದವನಿಗೆ ಒದ್ದರು. ಸಿಟ್ಟಿನ ಮನುಷ್ಯ ನಾನು, ಆದರೆ ಆ ಒದೆಗಳು ಸರಿಯಾದ ವಿಳಾಸಕ್ಕೆ ಬಂದಿವೆ ಎನ್ನಿಸುತ್ತಿತ್ತು.

"ಅವನಿಗೆ ಹೊಡೀಬೇಡ."

ತಾಯಿ ಮೆಟ್ಟಿಲಿಳಿದು ಬಂದಿದ್ದರು. ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

"ಅವನಲ್ಲ. ಆ ಅಂಕಲೂ ಅಲ್ಲ. ನಾನು ತಿಕ್ಕಿದ್ದು. ವರ್ಜೀನಿಯಾದಿಂದ ಬಂದವ ನೀನು ಚಕ್ರ ಕೊಳೆ ಅಂತ ಬೊಬ್ಬೆ ಹೊಡೀತಿದ್ದಿ. ಹಬ್ಬಕ್ಕೆ ದೀಪ ತಿಕ್ಕಿದ ಹುಣಸೆಹುಳಿ ಉಳಿದಿತ್ತು. ನಿನಗೆ ಖುಷಿಯಾಗ್ಲಿ ಅಂತ ತಿಕ್ಕಿದೆ. ಚಳಿಗೆ ಹೊರಗಿನ ನಲ್ಲಿ ಬಂದ್ ಮಾಡಿದ್ರಲ್ಲ, ನೀರು ಇರ್ಲಿಲ್ಲ. ರಾತ್ರಿಯಿಡೀ ಹಾಗೇ ಬಿಟ್ಟು, ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಒರೆಸಿದೆ."

ಮ್ಯಾನೇಜರ್ ತಾಯಿಯ ಕಡೆ ತಿರುಗಿದರು. ನೆಲದಲ್ಲಿದ್ದ ನನ್ನ ಪಾನಾಕ್ಕೆ ಬಗ್ಗಿ, ಅದನ್ನು ಎತ್ತಿದರು. ಹೊಡೆಯುತ್ತಿದ್ದರೋ ಇಲ್ಲವೋ, ಇವತ್ತಿಗೂ ನಾನು ಆಣೆ ಮಾಡಿ ಹೇಳಲಾರೆ. ಕಾಯಲಿಲ್ಲ. ಎದ್ದು ಮ್ಯಾನೇಜರ್ ಸೊಂಟಕ್ಕೆ ಎರಗಿದೆ. ಇಬ್ಬರೂ ಮುಂದಿನ ವೀಲಿನ ಮೇಲೆ ಉರುಳಿದೆವು. ಪಾನಾ ನನ್ನ ಭುಜಕ್ಕೆ ಬಡಿಯಿತು, ಮೂಳೆಯ ಸದ್ದು ಕೇಳಿಸಿತು. ಅವರ ಮಣಿಕಟ್ಟನ್ನು ಹಿಡಿದು ನೆಲಕ್ಕೆ ಕುಟ್ಟಿದೆ, ಪಾನಾ ಬಿಡುವವರೆಗೂ ಕುಟ್ಟಿದೆ.

"ಡ್ಯಾಡ್, ಸ್ಟಾಪ್. ಐ ಕಾಲ್ಡ್ ನೈನ್ ವನ್ ವನ್. ದೇ ಆರ್ ಕಮಿಂಗ್," ಎಂದಳು ಹುಡುಗಿ. ಅವಳ ದನಿ ನಡುಗುತ್ತಿರಲಿಲ್ಲ. "ಅಜ್ಜಿ, ಒಳಗೆ ಬನ್ನಿ. ನನ್ ಹಿಂದೆ ನಿಲ್ಲಿ."

ಪೊಲೀಸರು ಬಂದು ಇಬ್ಬರಿಗೂ ಕೈಕೋಳ ಹಾಕಿ ಬೇರೆ ಬೇರೆ ಕೂರಿಸಿದರು. ನನ್ನನ್ನು ರಸ್ತೆಯ ಅಂಚಿನಲ್ಲಿ ಕೂರಿಸಿದ್ದರು. ಒಬ್ಬ ಅಧಿಕಾರಿಣಿ ತಾಯಿಯನ್ನು ಇಂಗ್ಲಿಷಿನಲ್ಲಿ ಕೇಳುತ್ತಿದ್ದಳು. ಹುಡುಗಿ ಅದನ್ನು ತನಗೆ ಬಂದಷ್ಟು ಕನ್ನಡದಲ್ಲಿ ಅಜ್ಜಿಗೆ ಹೇಳುತ್ತಿದ್ದಳು.

"ಅಜ್ಜಿ, ಅವ್ರು ಕೇಳ್ತಾರೆ. ಡ್ಯಾಡ್ ನಿಮ್ಗೆ ಹೊಡೀತಾರಾ? ಬಿಫೋರ್ ಕೂಡ ಹೊಡೆದಿದಾರಾ?"

ತಾಯಿ ತುಂಬ ಹೊತ್ತು ಮಗ ಕುಳಿತಿದ್ದ ಪೊಲೀಸ್ ಕಾರಿನ ಕಡೆ ನೋಡಿದರು. ಆಮೇಲೆ ಸೆರಗು ಸರಿಸಿ ಮೊಣಕೈಯ ಮೇಲಿನ ತೋಳನ್ನು ಅಧಿಕಾರಿಣಿಗೆ ತೋರಿಸಿದರು. ಹುಡುಗಿ ಅದನ್ನು ಅನುವಾದ ಮಾಡಬೇಕಾಗಲಿಲ್ಲ.

ನನ್ನನ್ನು ಬಿಟ್ಟರು, ಮ್ಯಾನೇಜರನ್ನು ಕರೆದುಕೊಂಡು ಹೋದರು. ಮರುದಿನ ತಾಯಿಯ ಮಗಳು ನಾರ್ತ್ ಕೆರೊಲಿನಾದ ಮಾರಿಸ್‌ವಿಲ್‌ನಿಂದ ಡ್ರೈವ್ ಮಾಡಿಕೊಂಡು ಬಂದು ಅಮ್ಮನನ್ನು ತನ್ನ ಮನೆಗೆ ಕರೆದೊಯ್ದಳಂತೆ. ಗುಂಪಿನಲ್ಲಿ ಯಾವ ಫೋಟೋವೂ ಬರಲಿಲ್ಲ. ಅಂಕಲ್ ಹೆಸರಿಗೆ ಏನೂ ಆಗಲಿಲ್ಲ.

ಕಿವಿಗೆ ಆಯಿತು. ಪರದೆ ಕೂಡಿಕೊಂಡರೂ ಎಡಗಿವಿ ಹೆಚ್ಚುಕಡಿಮೆ ಕೇಳುವುದಿಲ್ಲ ಎಂದು ಡಾಕ್ಟರ್ ಹೇಳಿದರು. ನನ್ನ ಭುಜದ ಮೂಳೆ ಆರು ವಾರಕ್ಕೆ ಕೂಡಿತು.

ಊರೆಲ್ಲ ಹಳದಿ ಪರಾಗ ಬಿದ್ದು ಕಾರುಗಳು ಅರಿಶಿನ ಮೆತ್ತಿದ ಹಾಗೆ ಕಾಣುವ ದಿನಗಳಲ್ಲಿ, ಒಂದು ಬೆಳಿಗ್ಗೆ ಅಂಕಲ್ ಶೆಡ್ಡಿಗೆ ಬಂದರು. ಏಪ್ರನ್ ಕಟ್ಟಿಕೊಂಡು, ಬೆಂಚಿನ ಮೇಲಿದ್ದ ವೀಲಿನ ಹಿಂಬದಿಗೆ ಬ್ರಷ್ ಹಾಕತೊಡಗಿದರು. ಎರಡು ತಿಂಗಳು ಬಾಯಿಪಾಠ ಮಾಡಿಟ್ಟುಕೊಂಡಿದ್ದ ಮಾತು ನನ್ನಲ್ಲಿತ್ತು. ಪಕ್ಕದಲ್ಲಿ ನಿಂತು, ತಲೆ ತಗ್ಗಿಸಿ, ಒಂದು ಪದವೂ ಬಿಡದೆ ಹೇಳಿ ಮುಗಿಸಿದೆ. ಅವರು ಬ್ರಷ್ ನಿಲ್ಲಿಸಲಿಲ್ಲ. ಕ್ಷಮಿಸಲಾರರು ಎಂದುಕೊಂಡೆ. ಆಮೇಲೆ ಗೊತ್ತಾಯಿತು, ನಾನು ನಿಂತಿದ್ದದ್ದು ಅವರ ಎಡಗಡೆ.

ಬೆಂಚನ್ನು ಬಳಸಿ ಬಲಗಡೆಗೆ ಹೋದೆ. ಮತ್ತೆ ಮೊದಲಿನಿಂದ ಹೇಳತೊಡಗಿದೆ. ಬಾಯಿಪಾಠ ಮಾಡಿದ್ದು ಒಂದೂ ನೆನಪಾಗಲಿಲ್ಲ. "ಅಂಕಲ್, ನಾನು ಹೊಡೆದೆ," ಎಂದಷ್ಟೇ ಬಂತು.

"ಕೇಳಿತು," ಎಂದರು ಅವರು. "ಇನ್ನು ಮೇಲೆ ಈ ಬದಿಯೇ ನಿಲ್ಲು." ಬ್ರಷ್ಷನ್ನು ನನ್ನ ಕೈಗೆ ಕೊಟ್ಟು, ನೀರಿನ ಪೈಪು ತರಲು ಹೋದರು.